ಕಣಕಟ್ಟೆಯ ಅರ್ಧ ಕೆ.ಜಿ.

"ನಿಮ್ಮ ಪುಸ್ತಕ ನೋಡಿ ಬರ್ಕೊಂಡೆ ಅಂತ ಯಾರ ಮುಂದೇನೂ ಬಾಯಿಬಿಡಲ್ಲ ಶಿವಗಂಗಮ್ಮನೋರೆ, ನನ್ನ ಮಾತು ನಂಬಿ" ಎಂದು ಹೇಮಲತಾ ಹೇಳಿ ಹದಿನಾಲ್ಕು ವರ್ಷವಾಗಿತ್ತು. ಕಣಕಟ್ಟೆಯ ಅಂಗನವಾಡಿಯ ಬಾಗಿಲಲ್ಲಿ, ಒಂದು ಕಾಲು ಚಪ್ಪಲಿಯೊಳಗೆ ಇನ್ನೊಂದು ಹೊರಗೆ, ಅರಸೀಕೆರೆಗೆ ಹೋಗುವ ಟೆಂಪೊ ಹಾರ್ನ್ ಹೊಡೆಯುತ್ತಿದ್ದಾಗ ಕೊಟ್ಟ ಮಾತು. ಟೀಚರ್ ಶಿವಗಂಗಮ್ಮ ಅವಳ ಮುಂಗೈ ಹಿಡಿದುಕೊಂಡಿದ್ದಳು. ಹಿಡಿದ ಕೈಗೆ ಮಕ್ಕಳಿಗೆ ಕಲಸಿದ ಹಿಟ್ಟು ಅಂಟಿತ್ತು. ಹೊರಗಿನವರಿಗೆ ಮಕ್ಕಳ ತೂಕದ ಪುಸ್ತಕ ತೋರಿಸಿದ್ದು ಗೊತ್ತಾದರೆ ಮೇಲಿನವರು ಕೆಲಸಕ್ಕೇ ಕುತ್ತು ತರುತ್ತಾರೆ ಎಂಬುದು ಅವಳ ಭಯ. ಯಾರಿಗೂ ಗೊತ್ತಾಗದಿರುವುದು ಹೇಮಲತಾಳಿಗೂ ಬೇಕಾಗಿತ್ತು. ಇಬ್ಬರಿಗೂ ಬೇಕಾದ ಮಾತನ್ನು ಒಬ್ಬರು ಕೇಳಿ ಇನ್ನೊಬ್ಬರು ಕೊಟ್ಟರೆ ಅದನ್ನು ಉಪಕಾರವೆನ್ನಬೇಕೋ ವ್ಯಾಪಾರವೆನ್ನಬೇಕೋ ಎಂದು ಆಮೇಲೆ ಎಷ್ಟೋ ಸಲ ಅನಿಸಿದ್ದುಂಟು. ಅವತ್ತು ಅನಿಸಲಿಲ್ಲ. ಅವತ್ತು ಟೆಂಪೊ ಹೊರಟುಬಿಡುತ್ತಿತ್ತು.

ಇವತ್ತು ಶನಿವಾರ. ಹಾಸನದಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೇಮಲತಾ ತೊಡೆಯ ಮೇಲಿನ ಚೀಲದ ಜಿಪ್ಪನ್ನು ಮೂರನೇ ಸಲ ಎಳೆದು ನೋಡಿದಳು. ಪಕ್ಕದ ಹೆಂಗಸು ಹಾರನಹಳ್ಳಿ ಬರುವವರೆಗೂ ಅವಳ ಚೀಲವನ್ನೇ ನೋಡುತ್ತಿದ್ದಂತಿತ್ತು. ಹಾರನಹಳ್ಳಿಯಲ್ಲಿ ಇಳಿದುಹೋದಾಗ, ಅವಳು ನೋಡುತ್ತಿದ್ದದ್ದು ಕಿಟಕಿಯಾಚೆಯ ತನ್ನ ಊರನ್ನು ಎಂದು ಗೊತ್ತಾಯಿತು. ಈಚೆಗೆ ಹೀಗೇ ಆಗುತ್ತಿದೆ. ಚೀಲದಲ್ಲಿ ಇದ್ದದ್ದಾದರೂ ಏನು? ನೀರಿನ ಬಾಟಲಿ, ಮಗಳು ಬೆಳಿಗ್ಗೆ ಮುಟ್ಟದೆ ಬಿಟ್ಟುಹೋದ ಚಪಾತಿಯ ಡಬ್ಬಿ, ಮತ್ತೆ ಅಕ್ಷತಾ ಕಳಿಸಿದ ಎರಡು ಪುಟ. ಅಕ್ಷತಾ ಅವಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಹದಿನಾಲ್ಕು ವರ್ಷದ ಹಿಂದೆ ಹೇಮಲತಾ ಮಾಡಿದ ಅಧ್ಯಯನವನ್ನೇ ಅದೇ ಕಣಕಟ್ಟೆಯಲ್ಲಿ ಆರು ತಿಂಗಳು ಕೂತು ಮತ್ತೊಮ್ಮೆ ಮಾಡಿ ಬಂದಿದ್ದಾಳೆ. "ಮೇಡಂ, ನಿಮ್ಮ ಮೊದಲ ತೂಕದ ಮೂಲ ಹಾಳೆಗಳನ್ನು ಒಮ್ಮೆ ನೋಡಬಹುದೇ? ನನ್ನ ಅಂಕಿಗಳು ನಿಮ್ಮದಕ್ಕೆ ಹೊಂದುತ್ತಿಲ್ಲ. ನನ್ನದೇ ತಪ್ಪಿರಬೇಕು." ಈ ಕೊನೆಯ ವಾಕ್ಯವನ್ನು ಹೇಮಲತಾ ಹತ್ತು ಸಲ ಓದಿದ್ದಳು. ನನ್ನದೇ ತಪ್ಪಿರಬೇಕು. ಯಾರಾದರೂ ನಿಜವಾಗಿ ಹಾಗಂದುಕೊಂಡು ಹಾಗೆ ಬರೆಯುತ್ತಾರೆಯೇ? ಸೋಮವಾರ ಪ್ರೊಫೆಸರ್ ಹುದ್ದೆಯ ಸಂದರ್ಶನ. ಆ ಹುದ್ದೆಗೆ ಅರ್ಜಿ ಹಾಕಿರುವವರು ಇಬ್ಬರೇ, ತಾನು ಮತ್ತು ಇಂದ್ರೇಶ್. ಹೋದ ವಾರ ಕ್ಯಾಂಟೀನಿನಲ್ಲಿ ಇಂದ್ರೇಶ್ ಈ ಹುಡುಗಿಯ ಎದುರು ಕೂತು ಚಹಾ ಕುಡಿಯುತ್ತಿದ್ದ. ಹೇಮಲತಾ ಒಳಗೆ ಬಂದದ್ದು ಕಂಡು ಇಬ್ಬರೂ ಮಾತು ನಿಲ್ಲಿಸಿದರು. ಅಥವಾ ಮಾತು ಅಲ್ಲಿಗೇ ಮುಗಿದಿತ್ತೋ ಏನೋ.

ಕಣಕಟ್ಟೆ ಹಿಟ್ಟು ಎಂದರೆ ಹೇಮಲತಾ, ಹೇಮಲತಾ ಎಂದರೆ ಕಣಕಟ್ಟೆ ಹಿಟ್ಟು ಎಂದಾಗಿತ್ತು ಅವಳ ವೃತ್ತಿ. ರಾಗಿ ಹುರಿಹಿಟ್ಟಿಗೆ ಹುರಿಗಡಲೆ, ಬೆಲ್ಲ, ಒಂದು ಹಿಡಿ ಕೊಬ್ಬರಿ ತುರಿ. ಅದರಲ್ಲಿ ಅಜ್ಜಿಯರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಗೊತ್ತಿಲ್ಲದ್ದೆಂದರೆ ಅಂಕಿ. ಆ ಹಿಟ್ಟು ತಿಂದ ಕಣಕಟ್ಟೆಯ ಮಕ್ಕಳು, ತಿನ್ನದ ಹಳೇಬೀಡಿನ ಮಕ್ಕಳಿಗಿಂತ ಆರು ತಿಂಗಳಲ್ಲಿ ಅರ್ಧ ಕೆ.ಜಿ.ಯಷ್ಟು ಹೆಚ್ಚು ತೂಗಿದವು. ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿತ್ತು: ಆ ಏರಿಕೆ ಮೊದಲೇ ಮೈಕೈ ತುಂಬಿಕೊಂಡಿದ್ದ ಮಕ್ಕಳಲ್ಲಿ ಕಂಡಿತು, ಸೊರಗಿದ ಮಕ್ಕಳಲ್ಲಿ ಕಾಣಲಿಲ್ಲ. ಏಕೆ ಎಂದು ಹೇಮಲತಾ ಎರಡು ವರ್ಷ ತಲೆ ಕೆಡಿಸಿಕೊಂಡು ಒಂದು ವಿವರಣೆ ಕಟ್ಟಿದಳು. ಸೊರಗಿದ ಮಗುವಿನ ಕರುಳೇ ಸೋತಿರುತ್ತದೆ, ಬಿದ್ದ ಅನ್ನವನ್ನು ಅದು ಮೈಗೆ ಹತ್ತಿಸಲಾರದು. ಆ ವಿವರಣೆಯೇ ಅವಳನ್ನು ದೆಹಲಿಗೆ ಕರೆಸಿತು, ಸಮಿತಿಗಳಲ್ಲಿ ಕೂರಿಸಿತು, ಹಾಸನದಲ್ಲಿ ಮನೆ ಕಟ್ಟಿಸಿತು ಎಂದರೂ ನಡೆದೀತು. ಬರೆದದ್ದು ಚೆನ್ನಾಗಿಯೇ ಇತ್ತು. ಈಗಲೂ ಓದಿದರೆ ಸರಿಯೆನಿಸುತ್ತದೆ. ಅದೇ ಈಗ ಭಯ. ಆ ಪ್ರಬಂಧದ ಎರಡನೆಯ ಪುಟದಲ್ಲಿ "ಎರಡೂ ಬಾರಿ ತರಬೇತಿ ಪಡೆದ ಸಂಶೋಧಕರೇ ತೂಕ ತೆಗೆದರು" ಎಂಬ ಒಂದು ಸಾಲಿದೆ. ಯಾರೂ ಓದದ ಸಾಲು. ಅವಳೊಬ್ಬಳೇ, ಪ್ರತಿಗಳು ಅಚ್ಚಾಗಿ ಕೈಗೆ ಬಂದಾಗಲೆಲ್ಲ, ಮೊದಲು ಆ ಸಾಲಿಗೇ ಹೋಗುತ್ತಿದ್ದಳು, ಹಲ್ಲುನೋವಿನ ಜಾಗಕ್ಕೆ ನಾಲಿಗೆ ಹೋದಂತೆ.

ಆ ಮೊದಲ ತೂಕದ ದಿನ ಮಗಳಿಗೆ ಹತ್ತು ತಿಂಗಳು. ಅರಸೀಕೆರೆಯಲ್ಲಿ ತಾಯಿ ರುದ್ರಮ್ಮನ ಮಡಿಲಿಗೆ ಹಾಕಿ ಬಂದಿದ್ದಳು. ಜೊತೆಯವರೆಲ್ಲ ಜೀಪಿನಲ್ಲಿ ಹಳೇಬೀಡಿಗೆ ಹೋಗಿದ್ದರು, ಕಣಕಟ್ಟೆಗೆ ಅವಳೊಬ್ಬಳೇ. ಹತ್ತೂವರೆಯಾದರೂ ನಲವತ್ತೆರಡು ಮಕ್ಕಳಲ್ಲಿ ಬಂದದ್ದು ಆರು, ಆರೂ ಕಡ್ಡಿಯಂಥವು. ಅಷ್ಟರಲ್ಲಿ ರುದ್ರಮ್ಮನ ಫೋನು: ಮಗು ಕಾದ ಹೆಂಚಿನ ಹಾಗಿದೆ, ಹಾಲು ಬಾಯಿಗಿಟ್ಟರೆ ಉಗುಳುತ್ತಿದೆ, ನಿನಗೆ ಊರ ಮಕ್ಕಳೇ ಹೆಚ್ಚಾದರೆ ಅಲ್ಲೇ ಇರು. ಶಿವಗಂಗಮ್ಮ ತಾನೇ ಪುಸ್ತಕ ತಂದು ಮುಂದಿಟ್ಟಿದ್ದಳು. ಸೋಮವಾರವಷ್ಟೇ ಎಲ್ಲ ಮಕ್ಕಳನ್ನೂ ತೂಗಿದ್ದೇನೆ, ನೋಡಿ ಎಂದಳು. ಹೇಮಲತಾ ಸುಮ್ಮನೆ ನಂಬಲಿಲ್ಲ. ಕೊಬ್ಬರಿ ಮಂಡಿಯ ರೇವಣಸಿದ್ದಪ್ಪನ ಮಗಳು ಅವಳು. ಬೇರೆಯವರು ತೂಗಿದ್ದನ್ನು ಇನ್ನೊಂದು ಸಲ ತೂಗದೆ ತೆಗೆದುಕೊಳ್ಳಬೇಡ ಎಂದು ಅಪ್ಪ ಉಣ್ಣಲು ಕಲಿಸಿದ ಹಾಗೆ ಕಲಿಸಿದ್ದರು. ತಾನು ತೂಗಿದ ಆರು ಮಕ್ಕಳ ತೂಕವನ್ನು ಪುಸ್ತಕದ ಜೊತೆ ಇಟ್ಟು ನೋಡಿದಳು. ಆರಕ್ಕೆ ಆರೂ ಸರಿ. ಉಳಿದ ಮೂವತ್ತಾರನ್ನು ಇಪ್ಪತ್ತು ನಿಮಿಷದಲ್ಲಿ ನಕಲು ಮಾಡಿಕೊಂಡಳು. ಮಗಳ ಜ್ವರ ಮರುದಿನ ಇಳಿಯಿತು. ಆದರೆ ಆ ಮಗು ಆಮೇಲೆ ಯಾವತ್ತೂ ಸರಿಯಾಗಿ ಉಣ್ಣಲಿಲ್ಲ. ಅತ್ತೆಯ ಮನೆಯಲ್ಲಿ ಹಬ್ಬಕ್ಕೆ ಸೇರಿದವರು ಅದರ ತೋಳು ಹಿಡಿದು ನೋಡಿ, ನಾಡಿನ ಮಕ್ಕಳಿಗೆಲ್ಲ ಊಟ ಹೇಳಿಕೊಡುವವಳ ಮಗು ನೋಡಿ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇಳಿದವಳು ತಾಯಿಯ ಮನೆಯ ಕಡೆ ಹೋಗಲಿಲ್ಲ. ಹೋದರೆ ರುದ್ರಮ್ಮ ಏಕೆ ಬಂದೆ ಎನ್ನುತ್ತಾಳೆ, ಹೇಳದಿದ್ದರೂ ಕಂಡುಹಿಡಿಯುತ್ತಾಳೆ. ಕಣಕಟ್ಟೆಯ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ತೆಂಗಿನ ತೋಟ, ನಡುನಡುವೆ ಕೊಯ್ದ ರಾಗಿ ಹೊಲ. ತಾನು ಕೇಳಬೇಕಾದ್ದು ಒಂದೇ: ಹಳೆಯ ಪುಸ್ತಕವನ್ನು ಆ ಹುಡುಗಿ ನೋಡಿದ್ದಾಳೆಯೇ? ನೋಡಿದ್ದರೆ ಅದರಲ್ಲಿನ ಅಂಕಿಯೂ ತನ್ನ ಪ್ರಬಂಧದ ಅಂಕಿಯೂ ಗ್ರಾಂ ಬಿಡದೆ ಒಂದೇ ಎಂಬುದು ಗೊತ್ತಾಗಿಬಿಟ್ಟಿರುತ್ತದೆ. ಆರು ತಿಂಗಳು ಒಂದೇ ಕೋಣೆಯಲ್ಲಿ ಕೂತ ಇಬ್ಬರು ಹೆಂಗಸರು ಏನೇನು ಮಾತಾಡಿಕೊಂಡಿರುವುದಿಲ್ಲ? ಶಿವಗಂಗಮ್ಮ ಬಾಯಿಬಿಟ್ಟಿರಬೇಕು. ಅಕ್ಷತಾ ಇಂದ್ರೇಶನಿಗೆ ಹೇಳಿರಬೇಕು. ಇಂದ್ರೇಶ್ ಸೋಮವಾರದವರೆಗೆ ಕಾಯುತ್ತಿರಬೇಕು. ಎಲ್ಲವೂ ಎಷ್ಟು ಸಲೀಸಾಗಿ ಜೋಡಣೆಯಾಯಿತೆಂದರೆ, ಜೋಡಿಸಿದವಳು ತಾನೇ ಎಂಬುದು ಕಣಕಟ್ಟೆ ಬರುವ ಹೊತ್ತಿಗೆ ಅವಳಿಗೆ ಮರೆತುಹೋಗಿತ್ತು.

ಇದೇ ಅನುಮಾನದ ಚಾಳಿ ಗೆಂಡೆಹಳ್ಳಿಯಲ್ಲಿ ಅವಳಿಂದ ಒಂದು ಮಾತು ಬರೆಸಿತ್ತು. ಐದು ವರ್ಷದ ಹಿಂದೆ ಅದೇ ಹಿಟ್ಟನ್ನು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಮಕ್ಕಳಿಗೆ ಕೊಟ್ಟಾಗ ತೂಕ ಏರಲೇ ಇಲ್ಲ. ಹೇಮಲತಾ ಹಿಟ್ಟನ್ನು ಅನುಮಾನಿಸಲಿಲ್ಲ, ತಾಯಂದಿರನ್ನು ಅನುಮಾನಿಸಿದಳು. ಮಗುವಿಗೆಂದು ಕೊಟ್ಟ ಹಿಟ್ಟನ್ನು ಮನೆಮಂದಿ ಹಂಚಿಕೊಂಡಿರುವ ಸಾಧ್ಯತೆಯಿದೆ ಎಂದು ವರದಿಯಲ್ಲಿ ಬರೆದಳು. ಯಾರು ಓದಿ ಹೇಳಿದರೋ, ಮುಂದಿನ ಸಭೆಯಲ್ಲಿ ಬೋರಮ್ಮ ಎಂಬುವಳು ಎದ್ದುನಿಂತಳು. ಕಂಕುಳಲ್ಲಿ ಮಗು, ಅದರ ಮೂಗಲ್ಲಿ ಸಿಂಬಳ. "ನಮ್ಮ ಮಕ್ಳ ಬಾಯಿಂದ ಕಿತ್ಕೊಂಡು ನಾವೇ ತಿಂದ್ವಿ ಅಂತ ಬರ್ದಿದ್ದೀರಂತಲ್ಲ, ಕಂಡ್ರಾ ನೀವು?" ಎಂದು ಕೇಳಿದಳು. ಕೂಗಾಡಲಿಲ್ಲ. ಉತ್ತರಕ್ಕೆ ಕಾದು ನಿಂತಳು, ಅಷ್ಟೆ. ಹೇಮಲತಾ ಸಾಧ್ಯತೆ ಎಂಬ ಪದದ ಅರ್ಥವನ್ನು ವಿವರಿಸತೊಡಗಿದಳು. ಅರ್ಧಕ್ಕೇ ಬೋರಮ್ಮ ಕೂತುಬಿಟ್ಟಳು.

ಅಂಗನವಾಡಿಯಲ್ಲಿ ಮಕ್ಕಳು ಮನೆಗೆ ಹೋಗಿಯಾಗಿತ್ತು. ಶಿವಗಂಗಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊಬೈಲಿಗೆ ಮಕ್ಕಳ ತೂಕ ತುಂಬುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಹೇಮಲತಾಳನ್ನು ಕಂಡು ಏಳಲು ಹೋಗಿ, ಮಂಡಿ ಹಿಡಿದು, ಕೂತಲ್ಲೇ ನಕ್ಕಳು. ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಬೀಗದ ಕೈ ಯಾರದೋ ಪಾಲು ಎಂದಳು. ನಿಮ್ಮ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಯಜಮಾನರಿಗೆ ಓದಿ ಹೇಳುತ್ತಿದ್ದೆ, ಇವಮ್ಮ ನಮ್ಮ ಅಂಗನವಾಡೀಲಿ ಕೂತಿದ್ದೋಳು ಅಂತ, ಎಂದೂ ಹೇಳಿದಳು. ಇದು ಮುಖಸ್ತುತಿಯೋ, ನಿನ್ನ ಹೆಸರು ಎಲ್ಲಿಂದ ಬಂತು ಗೊತ್ತು ಎನ್ನುವ ಚುಚ್ಚುಮಾತೋ ಎಂದು ಹೇಮಲತಾ ಆ ಮುಖವನ್ನು ನೋಡಿದಳು. ಮುಖದಲ್ಲಿ ಏನೂ ಸಿಗಲಿಲ್ಲ. ಮಂಡಿನೋವಿನ ಮಾತಾಡಿ, ಕೊಟ್ಟ ಮಜ್ಜಿಗೆ ಕುಡಿದು, ಕೊನೆಗೆ ಏನೋ ಈಗ ನೆನಪಾದವಳಂತೆ ಕೇಳಿದಳು: ಆ ಹುಡುಗಿ ಅಕ್ಷತಾ ಹಳೇ ಪುಸ್ತಕ ಏನಾದರೂ ಕೇಳಿದಳೇ?

"ಕೇಳ್ದೆ ಬುಟ್ಟಾಳಾ? ಎರಡು ಸಲ ಕೇಳುದ್ಲು. ಗೆದ್ಲು ತಿಂದೋದ್ವು ಅಂದೆ. ನೀವು ನಂಗೊಂದು ಮಾತು ಕೊಟ್ಟಿದ್ರಿ, ನನ್ನ ಪಾಲಿಂದು ನಾನೂ ಉಳಿಸ್ಕೋಬೇಕಲ್ವಾ ಮೇಡಮ್ಮೋರೆ."

ಹೇಮಲತಾಳ ಬೆನ್ನು ತಾನಾಗಿ ಗೋಡೆಗೆ ಒರಗಿತು. ಹಾಗಾದರೆ ಏನೂ ಆಗಿಲ್ಲ. ಬಸ್ಸಿನಲ್ಲಿ ಕಟ್ಟಿದ್ದೆಲ್ಲ ಸುಳ್ಳು. ಈ ಹೆಂಗಸಿನ ಮೇಲೆ ಹೊರಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಬರೀ ಹಗುರ. ನಾಚಿಕೆ ಆಮೇಲೆ ಬರಬಹುದು ಎಂದುಕೊಂಡಳು. ಎದ್ದು ಹೊರಡಬಹುದಿತ್ತು. ಆದರೆ ಅಪ್ಪನ ಮಂಡಿಯಲ್ಲಿ ಬೆಳೆದ ನಾಲಿಗೆ ಸುಮ್ಮನಿರಲಿಲ್ಲ. ನಿಜಕ್ಕೂ ಗೆದ್ದಲು ತಿಂದವೇ ಎಂದು ಕೇಳಿದಳು. ಶಿವಗಂಗಮ್ಮ ಮೂಲೆಯ ಟ್ರಂಕಿನತ್ತ ಕೈ ಮಾಡಿದಳು.

ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕ. ಆ ಸೋಮವಾರದ ಪುಟ. ನಲವತ್ತೆರಡು ಹೆಸರು, ಎದುರಿಗೆ ದುಂಡು ಅಕ್ಷರದ ಅಂಕಿಗಳು. ಇವು ತನಗೆ ಬಾಯಿಪಾಠವಾಗಿದ್ದ ಅಂಕಿಗಳು, ಆದರೂ ಬೇರೆಯವರ ಅಕ್ಷರದಲ್ಲಿ ನೋಡಿದಾಗ ಕದ್ದ ಒಡವೆಯನ್ನು ಅದರ ಯಜಮಾನರ ಮನೆಯಲ್ಲೇ ಕಂಡಂತಾಯಿತು. ಬಹುಪಾಲು ಅಂಕಿಗಳ ಪಕ್ಕದಲ್ಲಿ ಶಾಯಿಯ ಚುಕ್ಕೆ. ಅವತ್ತೂ ನೋಡಿದ್ದಳು, ಪೆನ್ನು ಸೋರಿದೆ ಎಂದುಕೊಂಡಿದ್ದಳು. ಈಗ ನೋಡಿದರೆ ಪೆನ್ನು ಸೋರುವುದು ಇಷ್ಟು ಸಾಲಾಗಿ ಅಲ್ಲ. ಇದೇನು ಎಂದು ಬೆರಳಿಟ್ಟು ತೋರಿಸಿದಳು.

"ಅದಾ? ದೃಷ್ಟಿಬೊಟ್ಟು ಕಣವ್ವ." ಶಿವಗಂಗಮ್ಮ ಮೊಬೈಲಿನಿಂದ ತಲೆಯೆತ್ತಲಿಲ್ಲ. "ನೋಡಕ್ಕೆ ಚೆಂದಾಗಿರೋ ಕೂಸಿನ ತೂಕಾನ ಇದ್ದಂಗೆ ಬರುದ್ರೆ ತಾಯಂದ್ರು ಮಾರನೇ ದಿನ ಕಳಿಸ್ತಿರ್ಲಿಲ್ಲ, ಕಣ್ಣಾಯ್ತದೆ ಅಂತ. ಅದ್ಕೆ ಅರ್ಧ ಕೆಜಿ ದೃಷ್ಟಿಗೆ ಅಂತ ಬುಟ್ಟು ಬರೀತಿದ್ದೆ. ಯಾವ್ದ್ರಾಗೆ ಬುಟ್ಟಿವ್ನಿ ಅಂತ ನಂಗಾದ್ರೂ ತಿಳೀಲಿ ಅಂತ ಒಂದು ಬೊಟ್ಟು. ಈಗೇನು, ಈಗಿನ ತಾಯಂದ್ರು ತೂಕಾನ ಸ್ಟೇಟಸ್ಸಿಗೆ ಹಾಕ್ಕೊತಾರೆ."

ಹೇಮಲತಾ ಎಣಿಸಿದಳು. ಮೂವತ್ತಾರು ಬೊಟ್ಟು. ಬೊಟ್ಟಿಲ್ಲದ ಆರು ಹೆಸರು ಅವತ್ತು ತಾನೇ ತೂಗಿದ ಆರು ಮಕ್ಕಳವು. ಇವಕ್ಕೇಕೆ ಇಟ್ಟಿಲ್ಲ ಎಂದು ಕೇಳಿದಾಗ ತನ್ನ ದನಿ ತನಗೇ ದೂರದಿಂದ ಕೇಳಿಸಿತು. ಆ ಒಣಕಲುಗಳಿಗೆ ಯಾರು ಕಣ್ಣು ಹಾಕ್ತಾರೆ ಹೇಳಿ, ಎಂದಳು ಶಿವಗಂಗಮ್ಮ.

ಅವತ್ತು ಆ ಆರೇ ಏಕೆ ಬಂದವು ಎಂಬುದೂ ತಿಳಿಯಿತು. ಪರಸ್ಥಳದವಳ ತಕ್ಕಡಿಗೆ ಮೈಕೈ ತುಂಬಿದ ಮಗುವನ್ನು ಯಾವ ತಾಯಿ ತರುತ್ತಾಳೆ? ಆರು ತಿಂಗಳ ಮೇಲೆ, ಹಿಟ್ಟು ಕೊಟ್ಟು ಪರಿಚಯವಾದ ಮೇಲೆ, ನಲವತ್ತೆರಡೂ ಬಂದವು. ಆ ಸಲ ಹೇಮಲತಾಳೇ ಎಲ್ಲವನ್ನೂ ತೂಗಿದಳು, ದೃಷ್ಟಿಗೆ ಏನನ್ನೂ ಬಿಡದೆ. ಹಿಟ್ಟು ಮೂವತ್ತಾರು ಮಕ್ಕಳ ಮೈಗೆ ಹತ್ತಲಿಲ್ಲ. ಶಿವಗಂಗಮ್ಮ ಕಳೆದಿದ್ದ ಅರ್ಧ ಕೆ.ಜಿ.ಯನ್ನೇ ಹೇಮಲತಾ ಏರಿಕೆಯೆಂದು ಕೂಡಿದ್ದಳು. ಸೋತ ಕರುಳು, ದೆಹಲಿ, ಸಮಿತಿ. ಗೆಂಡೆಹಳ್ಳಿಯಲ್ಲಿ ಎದ್ದುನಿಂತ ಬೋರಮ್ಮ. ರುದ್ರಮ್ಮ ತನ್ನ ಮೊಮ್ಮಗಳ ತೂಕವನ್ನು ಯಾರಾದರೂ ಕೇಳಿದರೆ, ಆ ಸೊರಗಿದ ಮಗುವಿನ ತೂಕವನ್ನೂ, ಒಂದಿಷ್ಟು ಇಳಿಸಿಯೇ ಹೇಳುತ್ತಿದ್ದಳು; ಹೇಮಲತಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು, ನಕ್ಕಿದ್ದಳು, ಮರೆತಿದ್ದಳು.

ನನಗೆ ಅವತ್ತೇ ಹೇಳಬಹುದಿತ್ತಲ್ಲ ಎಂದಳು. ಅದರಲ್ಲಿ ಸಿಟ್ಟಿತ್ತು. ಶಿವಗಂಗಮ್ಮ ಈಗ ತಲೆಯೆತ್ತಿದಳು.

"ನೀವೂ ಈ ಕಡೆ ಹೆಣ್ಣುಮಗಳೇ ಅಲ್ವಾ, ಬೊಟ್ಟು ಕಂಡ್ರೆ ತಿಳೀತದೆ ಅನ್ಕಂಡೆ. ಅರ್ಧರ್ಧ ಸೇರಿಸ್ಕೊಂಡೇ ಬರ್ಕತಾವ್ರೆ ಅನ್ಕಂಡೆ." ಕನ್ನಡಕ ಮೇಲೇರಿಸಿಕೊಂಡು ಕೇಳಿದಳು: "ಯಾಕೆ, ಅದ್ರಿಂದ ಏನಾರ ತೊಂದ್ರೆ ಆಯ್ತಾ?"

ಏನಿಲ್ಲ ಎಂದಳು ಹೇಮಲತಾ. ಆಮೇಲೆ ಶಿವಗಂಗಮ್ಮ ಹೇಳಿದ್ದು ಅಕ್ಷತಾಳ ವಿಷಯ. ಹೋಗುವ ದಿನ ಆ ಹುಡುಗಿ ಇದೇ ಜಾಗದಲ್ಲಿ ಕೂತು ಅತ್ತಳಂತೆ. ಮೇಡಮ್ಮಿಗೆ ಬಂದ ಲೆಕ್ಕ ನನಗೆ ಬರುತ್ತಿಲ್ಲ, ನನಗೆ ತೂಗುವುದಕ್ಕೂ ಬರಲಿಲ್ಲ ಎಂದಳಂತೆ. ಅವಳಿಗೆ ಹೇಳಿಬಿಡಿ, ಎಂದಳು ಶಿವಗಂಗಮ್ಮ. "ನಂಗಿನ್ನೇನು ಹೆದ್ರಿಕೆ. ಮುಂದಿನ ತಿಂಗ್ಳು ಮನೇಲಿರ್ತೀನಿ, ಯಾರೇನು ಮಾಡಾರು. ಆವತ್ತು ನಾನು ಕೇಳ್ದ ಮಾತು ಅವತ್ತಿಗೆ. ಇವತ್ತು ಬ್ಯಾಡ. ಆ ಮಾತಿಂದ ನಿಮ್ಮನ್ನ ಬುಟ್ಟಿದ್ದೀನಿ."

ಹೇಳ್ತೀನಿ ಎಂದಳು ಹೇಮಲತಾ. ಪುಸ್ತಕ ಬೇಕಾದರೆ ಒಯ್ಯಿರಿ ಎಂದದ್ದಕ್ಕೆ ಇಲ್ಲೇ ಇರಲಿ ಎಂದು ಟ್ರಂಕಿಗೆ ತಾನೇ ಇಟ್ಟಳು. ಇಡುವಾಗ ಶಿವಗಂಗಮ್ಮನಿಗೆ ಕಾಣದಂತೆ ಒಂದು ಬೊಟ್ಟನ್ನು ಉಗುರಿನಿಂದ ಕೆರೆದು ನೋಡಿದಳು. ಹೊಸ ಶಾಯಿಯಾಗಿರಬಹುದು, ಆ ಹುಡುಗಿ ಮತ್ತು ಈ ಹೆಂಗಸು ಸೇರಿ ಹೂಡಿದ್ದಾಗಿರಬಹುದು ಎಂಬ ಆಸೆ. ಶಾಯಿ ಕಾಗದದೊಳಗೇ ಇಳಿದು ಒಣಗಿತ್ತು, ಹಿಂದಿನ ಪುಟಕ್ಕೂ ದಾಟಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಅಕ್ಷತಾಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕಾರು ಬಗೆಯಲ್ಲಿ ಆಡಿ ನೋಡಿದಳು. ಎಲ್ಲವೂ ಮೂರು ವಾಕ್ಯದಲ್ಲಿ ಮುಗಿಯುತ್ತಿದ್ದವು, ಅದೇ ಆಶ್ಚರ್ಯ. ಇಪ್ಪತ್ತು ನಿಮಿಷದಲ್ಲಿ ಮಾಡಿದ್ದು ಮೂರು ವಾಕ್ಯದಲ್ಲಿ ಮುಗಿಯಬೇಕಾದ್ದೇ ನ್ಯಾಯ. ಸೋಮವಾರ ಕಳೆಯಲಿ. ಅಥವಾ ಸೋಮವಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಒಬ್ಬ ಮುದುಕಿಯ ಮರ್ಯಾದೆಯ ಪ್ರಶ್ನೆ. ಮೂವತ್ತು ವರ್ಷ ದುಡಿದವಳು ಕೊನೆಯ ತಿಂಗಳಲ್ಲಿ ಸುಳ್ಳು ಲೆಕ್ಕ ಬರೆದವಳೆನಿಸಿಕೊಂಡು ಮನೆಗೆ ಹೋಗಬೇಕೇ? ಬಿಟ್ಟಿದ್ದೇನೆ ಎಂದು ಅವಳು ಹೇಳಬಹುದು. ಅವಳಿಗೆ ಮುಂದಿನದು ಗೊತ್ತಿಲ್ಲ, ಗೊತ್ತಿರುವವಳು ತಾನು. ಹೀಗೆ ಯೋಚಿಸುವಾಗ ಅವಳಿಗೆ ಕಣ್ಣು ತುಂಬಿಬಂತು. ಆ ಕಣ್ಣೀರನ್ನೂ ಅವಳು ನಂಬಲಿಲ್ಲ. ಯಾರಿಗಾಗಿ ಇದು ಎಂದು ಕೇಳಿಕೊಂಡಳು, ಉತ್ತರ ಬರುವ ಮೊದಲೇ ಒರೆಸಿಕೊಂಡಳು.

ಅರಸೀಕೆರೆಯಲ್ಲಿ ಇಳಿದು ಹಾಸನದ ಬಸ್ಸಿಗೆ ನಿಂತಿದ್ದಾಗ ಅಕ್ಷತಾಳ ಫೋನು ಬಂತು. ಒಂದು ಸಲ ಹೊಡೆದುಕೊಂಡು ನಿಂತಿತು. ಎರಡನೆಯ ಸಲಕ್ಕೆ ಎತ್ತಿಕೊಂಡಳು. ಹುಡುಗಿಯ ದನಿ ಅಂಜುತ್ತಿತ್ತು. ರಜೆಯ ದಿನ ತೊಂದರೆ ಕೊಟ್ಟದ್ದಕ್ಕೆ ಎರಡು ಸಲ ಕ್ಷಮೆ ಕೇಳಿತು. ಇಂದ್ರೇಶ್ ಸರ್ ಹತ್ತಿರ ಕೇಳಿದೆ, ಹಿಂದೆ ಮುಂದೆ ಯೋಚಿಸದೆ ನಿಮ್ಮ ಮೇಡಮ್ಮನ್ನೇ ಕೇಳು, ಅವರು ತೂಕದ ವಿಷಯದಲ್ಲಿ ಬಹಳ ನಿಷ್ಠುರ ಅಂದರು ಎಂದಳು.

"ಒಂದೇ ಒಂದು ಕೇಳ್ಬೇಕಿತ್ತು ಮೇಡಂ. ಕಣಕಟ್ಟೇಲಿ ಮೊದಲನೇ ತೂಕ, ನಲವತ್ತೆರಡು ಮಕ್ಕಳದ್ದೂ, ನೀವೇ ತೆಗೆದಿದ್ದಾ?"

ಪ್ಲಾಟ್‌ಫಾರಂ ಮುಂದೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ಅದರ ಬೆನ್ನು ತಟ್ಟುತ್ತ ರೈಟ್ ರೈಟ್ ಎನ್ನುತ್ತಿದ್ದ. ಮೂರು ವಾಕ್ಯಗಳು ಹೇಮಲತಾಳ ಬಾಯಲ್ಲಿ ಸಾಲಾಗಿ ಸಿದ್ಧವಾಗಿದ್ದವು.

"ಹೌದು" ಎಂದಳು. "ನಾನೇ ತೂಗಿದ್ದು."

ಆ ಕಡೆಯಿಂದ ಅಕ್ಷತಾ, ಹಾಗಾದರೆ ನನ್ನ ತಕ್ಕಡಿಯೇ ಸರಿಯಿರಲಿಲ್ಲ ಮೇಡಂ, ಇನ್ನೊಂದು ಆರು ತಿಂಗಳು ಕೊಡಿ, ಎಲ್ಲ ಮೊದಲಿಂದ ಮಾಡುತ್ತೇನೆ ಎಂದಳು. ಮಾಡು, ನಿಧಾನವಾಗಿ ಮಾಡು, ಗಾಬರಿಯಾಗಬೇಡ ಎಂದು ಹೇಮಲತಾ ಹೇಳಿದಳು. ದನಿಯಲ್ಲಿ ಅಕ್ಕರೆ ಇತ್ತು. ಹಾಸನದ ಬಸ್ಸು ಬಂತು, ಹತ್ತಿ ಕೂತಳು. ಹದಿನಾಲ್ಕು ವರ್ಷದ ಹಿಂದೆ ಶಿವಗಂಗಮ್ಮನಿಗೆ ಕೊಟ್ಟ ಮಾತನ್ನು ಹೇಮಲತಾ ಉಳಿಸಿಕೊಂಡಳು.